ಆಷಾಢದ ಬಿಲ್, ಶ್ರಾವಣದ ಫ್ರಿಜ್

೨೦೦೭ನೇ ಇಸವಿ. ಆಗ ನಾನು ರಾಮನಗರದಲ್ಲಿ ನಮ್ಮ ಭಾವನವರ ಎಲೆಕ್ಟ್ರಾನಿಕ್ಸ್ ಅಂಗಡಿಯ ಆಫರ್ ಕೌಂಟರಿನಲ್ಲಿ ಕೂರುತ್ತಿದ್ದೆ. ಮನೆಯಿಂದಾಚೆ ನಾನು ಮಾಡಿದ ಕೆಲಸ ಅದೊಂದೇ, ಅದೂ ಮೂರು ವರ್ಷ. ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಓದಿದ್ದರಿಂದ ಕೂಪನ್ನಿನ ಹಿಂಬದಿಯ ಸಣ್ಣಕ್ಷರದ ಇಂಗ್ಲಿಷ್ ನನಗೆ ಸಲೀಸಾಗಿ ಅರ್ಥವಾಗುತ್ತಿತ್ತು. ನನ್ನ ಅರ್ಹತೆ ಅಷ್ಟೇ. "ಮಕ್ಕಳು ಸ್ಕೂಲಿಗೆ ಹೋದ್ಮೇಲೆ ಬಂದು ಕೂತ್ಕೊಳಮ್ಮ, ಜನಕ್ಕೆ ಕಂಡೀಷನ್ ಓದಿ ಹೇಳಿದ್ರೆ ಸಾಕು" ಎಂದಿದ್ದರು ಭಾವ.

ಬಿಡದಿ ಕಡೆ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ನಮಗೆ ಸರಕು ಕೊಡುತ್ತಿದ್ದ ಬೆಂಗಳೂರಿನ ಡೀಲರು ಅಲ್ಲಿನ ಕ್ಯಾಂಟೀನುಗಳಲ್ಲಿ ಕೂಪನ್ ಹಂಚಿಸುತ್ತಿದ್ದರು. ಪ್ರತಿ ಕೂಪನ್ನಿನಲ್ಲೂ ಒಂದು ಡಿಸ್ಕೌಂಟ್ ಕೋಡ್ ಇರುತ್ತಿತ್ತು, ಅಂದರೆ ಅಕ್ಷರ ಮತ್ತು ಅಂಕಿ ಬೆರೆತ ಒಂದು ಗುರುತು. ಗಿರಾಕಿ ತಂದ ಕೋಡನ್ನು ನಾನು ಫೋನಿನಲ್ಲಿ ಡೀಲರಿಗೆ ಓದಿ ಹೇಳಬೇಕು. ಅವರು ಸರಿ ಅಂದರೆ ಬಿಲ್ಲಿನಲ್ಲಿ ಬೆಲೆ ಇಳಿಯುತ್ತದೆ. ಒಮ್ಮೆ ಬಳಸಿದ ಕೋಡ್ ಮತ್ತೆ ನಡೆಯುವುದಿಲ್ಲ.

ಕೂತು ಕೂತು ನನಗೂ ಒಂದಿಷ್ಟು ತಿಳಿಯಿತು. ಎಷ್ಟು ಪರ್ಸೆಂಟ್ ಎಂದು ನೋಡಿ ಕುಣಿಯಬಾರದು, ಯಾವ ಬೆಲೆಯ ಮೇಲೆ ಎಂದು ಮೊದಲು ಕೇಳಬೇಕು. ಹಳೆಯ ಟಿವಿ ಕೊಟ್ಟು ಹೊಸದು ಒಯ್ಯುವವರಿಗೆ ಬಹಳ ಸಲ ಕೋಡ್ ಅನ್ವಯಿಸುವುದಿಲ್ಲ. ಕೋಡಿನಲ್ಲಿ ಕೊಂಡ ಸಾಮಾನನ್ನು ವಾಪಸ್ ಪಡೆಯುವುದಿಲ್ಲ. ಇದನ್ನೆಲ್ಲ ನಾನು ಬೇಸರವಿಲ್ಲದೆ ಹೇಳುತ್ತಿದ್ದೆ. ಗಿರಾಕಿಗಳು ತಲೆಯಾಡಿಸುತ್ತಲೇ ದೊಡ್ಡ ಟಿವಿಯ ಕಡೆ ಕಣ್ಣು ಹಾಯಿಸುತ್ತಿದ್ದರು.

ಎಲ್ಲಕ್ಕಿಂತ ಒಳ್ಳೆಯ ಕೋಡ್ ಬರುತ್ತಿದ್ದುದು ಆಷಾಢದಲ್ಲಿ. ನಮ್ಮ ಕಡೆ ಆ ತಿಂಗಳು ಹೊಸ ಸಾಮಾನು ಮನೆಗೆ ತರುವುದಿಲ್ಲ, ಅದಕ್ಕೇ ಅಂಗಡಿಯವರು ಬೆಲೆ ಇಳಿಸುತ್ತಾರೆ. ಜನ ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಆಷಾಢದಲ್ಲಿ ಕೋಡ್ ಕೊಟ್ಟು ಬಿಲ್ ಮಾಡಿಸುವುದು, ಸಾಮಾನನ್ನು ನಮ್ಮ ಗೋಡೌನಿನಲ್ಲೇ ಬಿಟ್ಟು ಶ್ರಾವಣ ಹುಟ್ಟಿದ ಮೇಲೆ ಒಯ್ಯುವುದು. ಗೋಡೌನಿನ ಡಬ್ಬಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆಯುವುದೂ ನನ್ನ ಕೆಲಸವೇ ಆಗಿತ್ತು.

ಆ ವರ್ಷ ಆಷಾಢ ಶುರುವಾದ ವಾರದಲ್ಲಿ ಚಿಕ್ಕಣ್ಣ ಎಂಬವರು ಹೆಂಡತಿ ಗೌರಮ್ಮನನ್ನು ಕರೆದುಕೊಂಡು ಬಂದರು. ಊರು ಕನಕಪುರ ರಸ್ತೆಯ ಒಂದು ಹಳ್ಳಿ. ಅವರು ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಒಳಗೆ ಬಂದರು. ಕಿವಿಯ ಕೆಳಗೆ ಕೆನ್ನೆ ಸುಟ್ಟಂತೆ ಕಪ್ಪಾಗಿತ್ತು. ಹಸಿರು ಬಳೆಗಳು ಮೊಣಕೈವರೆಗೂ ಜಾರಿ ಹೋಗುವಷ್ಟು ಕೈ ಸಣ್ಣಗಾಗಿತ್ತು.

"ಎರಡು ಬಾಗಿಲಿಂದು ತೋರ್ಸಿ ಮೇಡಮ್ಮಾರೆ, ಅದಕ್ಕೇ ರೇಟು ಜಾಸ್ತಿ ಇಳಿಸ್ತಾರಂತೆ" ಎಂದು ಚಿಕ್ಕಣ್ಣ ಕೂಪನ್ ಮುಂದಿಟ್ಟರು.

"ಫ್ರಿಜ್ ಯಾತಕ್ಕೆ ಬೇಕು ನಿಮಗೆ?" ಎಂದು ಕೇಳಿದೆ.

"ಐಸಿಗೆ. ಇವ್ಳಿಗೆ ಬಾಯಲ್ಲಿ ಗೆಡ್ಡೆ ಆಗಿ ಬೆಂಗಳೂರಲ್ಲಿ ಕರೆಂಟ್ ಕೊಡ್ಸಿದೀವಿ. ಬಾಯೆಲ್ಲ ಹುಣ್ಣು. ಐಸ್ ಇಟ್ಕೊಂಡ್ರೆ ಒಸಿ ಉರಿ ಕಮ್ಮಿ ಆಯ್ತದೆ, ಆಮ್ಯಾಕೆ ಅಂಬ್ಲಿ ಇಳೀತದೆ. ಇಲ್ದಿದ್ರೆ ಇಲ್ಲ."

ಕರೆಂಟ್ ಎಂದರೆ ರೇಡಿಯೇಷನ್. ಅಂಬಲಿ ಬಿಟ್ಟು ಬೇರೇನೂ ಆಕೆಗೆ ಸೇರುತ್ತಿರಲಿಲ್ಲ. ನಾನು ಎರಡು ಬಾಗಿಲಿನದು ಬೇಡವೆಂದು ಒಂದು ಬಾಗಿಲಿನ ಚಿಕ್ಕ ಫ್ರಿಜ್ ತೋರಿಸಿದೆ. ಐಸ್ ಎರಡರಲ್ಲೂ ಒಂದೇ ಥರ ಆಗುತ್ತದೆ, ಡಿಸ್ಕೌಂಟ್ ಕಳೆದರೂ ದೊಡ್ಡದು ದುಬಾರಿಯೇ ಎಂದು ಲೆಕ್ಕ ಬಿಡಿಸಿ ಹೇಳಿದೆ. ಗೌರಮ್ಮ ಚಿಕ್ಕದರ ಬಾಗಿಲನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಒಳಗಿನ ತಂಪಿಗೆ ಅಂಗೈ ಒಡ್ಡಿ ನಿಂತರು.

"ಇದೇ ಸಾಕು ಕಣವ್ವ. ದೊಡ್ಡದು ತಂದ್ರೆ ಈವಯ್ಯ ಹೊದ್ಕಂಡು ಅದ್ರೊಳಗೇ ಮಲೀಕಂಬುಡ್ತಾನೆ" ಎಂದರು. ಬಾಯಿ ಪೂರ್ತಿ ತೆರೆಯಲಾಗದೆ ಮಾತು ತೊದಲುತ್ತಿತ್ತು. ಆದರೆ ಕಣ್ಣು ನಗುತ್ತಿತ್ತು.

ಡೀಲರು ಕೋಡ್ ಸರಿ ಅಂದರು. ಬಿಲ್ ಆಯಿತು. "ಇವತ್ತೇ ಸಂಜೆಯೊಳಗೆ ಕಳಿಸಿಕೊಡ್ತೀವಿ" ಎಂದೆ.

"ಬ್ಯಾಡ ಬ್ಯಾಡ" ಎಂದು ಗೌರಮ್ಮ ನನ್ನ ಕೈ ಹಿಡಿದರು. "ಶ್ರಾವಣಕ್ಕೆ ಕಳ್ಸಿ. ಆಷಾಢದಲ್ಲಿ ಹೊಸ ಸಾಮಾನು ಹೊಸ್ಲು ದಾಟ್ಬಾರ್ದು. ಮಗಳ ಮದುವೆ ಗೊತ್ತಾಗೈತೆ. ನನ್ ಬಾಯ್ ಉರಿಗೆ ಅವಳ ಬಾಳಿಗೆ ಏನಾರಾ ಆದ್ರೆ?"

ನಾನು ಎರಡು ಸಲ ಹೇಳಿ ನೋಡಿದೆ. ಚಿಕ್ಕಣ್ಣನೂ, "ಯಾವ ದೇವ್ರು ಬಂದು ಐಸ್ ಬ್ಯಾಡ ಅಂದ್ನೆ ನಿಂಗೆ?" ಎಂದು ರೇಗಿದರು. ಆಕೆ ಜಗ್ಗಲಿಲ್ಲ. ಕೊನೆಗೆ ಡಬ್ಬದ ಮೇಲೆ ಗೌರಮ್ಮ ಎಂದು ಬರೆದು ಗೋಡೌನಿಗೆ ಕಳಿಸಿದೆವು.

ಹಾಗೆಂದು ಉರಿ ಶ್ರಾವಣದವರೆಗೆ ಕಾಯುತ್ತದೆಯೇ? ಅಂಗಡಿಯಲ್ಲಿ ತೋರಿಸಲೆಂದು ಒಂದು ಫ್ರಿಜ್ ಸದಾ ಓಡುತ್ತಿತ್ತು. ಅದರ ಟ್ರೇಗಳಿಗೆ ದಿನಾ ಬಂದೊಡನೆ ನೀರು ತುಂಬಿಸತೊಡಗಿದೆ. ಮೊದಲ ಶಿಫ್ಟ್ ಮುಗಿಸಿ ಮಧ್ಯಾಹ್ನ ಬಸ್ ಬದಲಿಸುವಾಗ ಚಿಕ್ಕಣ್ಣ ಸ್ಟೀಲ್ ಫ್ಲಾಸ್ಕ್ ಹಿಡಿದು ಬರುತ್ತಿದ್ದರು. ತುಂಬಿಸಿಕೊಂಡು ಓಡುತ್ತಿದ್ದರು. ಒಂದು ದಿನ ಹೆಂಡತಿಯ ಮಾತನ್ನು ಆಕೆಯ ದನಿಯಲ್ಲೇ ಒಪ್ಪಿಸಿದರು: "ನಿಮ್ ಮೇಡಮ್ಮಾರಿಗೆ ಹೇಳಿ, ಅವ್ರು ಕಳ್ಸೋ ಐಸು ಬಸ್ಸಲ್ಲಿ ಬೆವರಿ ಅರ್ಧ ನೀರಾಗ್ಬುಟ್ಟಿರ್ತದೆ, ಅದ್ಕೂ ಒಂದು ಸೀಟ್ ಹಿಡೀರಿ ಅಂತ." ಹೇಳಿ ನಕ್ಕರು. ನಕ್ಕವರು ಬೇಗ ಮುಖ ಆಚೆ ತಿರುಗಿಸಿಕೊಂಡರು.

ಭಾವ ಒಂದು ದಾರಿ ಸೂಚಿಸಿದರು. ಫ್ರಿಜ್ಜನ್ನು ಪಕ್ಕದಲ್ಲೇ ಇರುವ ಚಿಕ್ಕಣ್ಣನವರ ತಮ್ಮನ ಮನೆಗೆ ಇಳಿಸೋಣ, ಅಲ್ಲೇನೂ ಮದುವೆ ಇಲ್ಲವಲ್ಲ, ಐಸ್ ಪಕ್ಕದ ಮನೆಯಿಂದ ಬರುತ್ತದೆ ಎಂದು. ಚಿಕ್ಕಣ್ಣ ಆಸೆಯಿಂದ ಹೋದರು. ಮರುದಿನ ಬಂದವರ ಮುಖ ನೋಡಿಯೇ ತಿಳಿಯಿತು.

"ಒಪ್ಲಿಲ್ಲ. ನಮ್ ಮನೆಗೆ ಆಗ್ದಿದ್ದು ಅವ್ರ ಮನೆಗೆ ಆದೀತಾ, ಅವ್ರಿಗೂ ಮಕ್ಕಳವ್ರೆ ಅಂತಾಳೆ. ಇನ್ನೇನು, ಭೀಮನ ಅಮಾಸೆ ಕಳುದ್ರೆ ಶ್ರಾವಣ ಅಲ್ವಾ ಅಂತಾಳೆ."

ಭೀಮನ ಅಮಾವಾಸ್ಯೆ ಆಷಾಢದ ಕೊನೆಯ ದಿನ. ಹೆಂಗಸರು ಗಂಡನ ಆಯಸ್ಸಿಗಾಗಿ ಪೂಜೆ ಮಾಡುವ ಹಬ್ಬ. ಅದಕ್ಕಿನ್ನೂ ವಾರವಿರುವಾಗ ಒಂದು ಮಧ್ಯಾಹ್ನ ಚಿಕ್ಕಣ್ಣ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಶಿಫ್ಟ್ ಬದಲಾಗಿರಬೇಕು ಎಂದುಕೊಂಡು ನಾನು ಟ್ರೇಗೆ ನೀರು ತುಂಬಿಸಿಯೇ ಇಟ್ಟೆ. ಅವರ ಊರಿನ ಗಿರಾಕಿಯೊಬ್ಬರು ಮಿಕ್ಸಿ ರಿಪೇರಿಗೆ ಬಂದವರು ಸುದ್ದಿ ಹೇಳಿದರು. ಗೌರಮ್ಮ ತೀರಿಕೊಂಡಿದ್ದರು. ಕೊನೆಯಲ್ಲಿ ನೀರೂ ಇಳಿಯುತ್ತಿರಲಿಲ್ಲವಂತೆ.

ಶ್ರಾವಣದಲ್ಲಿ ಗೋಡೌನಿನ ಡಬ್ಬಗಳೆಲ್ಲ ಒಂದೊಂದಾಗಿ ಹೊರಟವು. ಗೌರಮ್ಮನದು ಉಳಿಯಿತು. ತಿಥಿ ಮುಗಿಸಿ, ತಲೆ ಬೋಳಿಸಿಕೊಂಡ ಚಿಕ್ಕಣ್ಣ ಬಂದು ಕೌಂಟರಿನ ಮುಂದೆ ನಿಂತಾಗ ನನಗೆ ಗುರುತು ಸಿಗಲು ತುಸು ಹೊತ್ತು ಹಿಡಿಯಿತು. ಭಾವ ಎದ್ದು ಬಂದರು. "ಕೋಡಲ್ಲಿ ತಗೊಂಡಿದ್ದು ವಾಪಸ್ ಇಲ್ಲ ಅಂತ ರೂಲ್ಸು. ಅದನ್ನ ನಾನು ನೋಡ್ಕೋತೀನಿ ಚಿಕ್ಕಣ್ಣ. ನೀವು ದುಡ್ಡು ತಗೊಂಡು ಹೋಗಿ" ಎಂದರು.

"ಬ್ಯಾಡ ಸ್ವಾಮಿ. ಅವಳೇ ನೋಡಿ ಒಪ್ಪಿದ್ದು. ಕಳ್ಸಿಬುಡಿ."

ಆ ದಿನ ಗಾಡಿಯ ಜೊತೆ ನಾನೂ ಹೋದೆ. ಹಾಗೆ ಹೋಗುವ ರೂಢಿ ಇರಲಿಲ್ಲ. ಹೆಂಚಿನ ಮನೆ. ಅಡುಗೆಮನೆಯ ಮೂಲೆಯಲ್ಲಿ ನೆಲಕ್ಕೆ ಹೊಸದಾಗಿ ಕೆಮ್ಮಣ್ಣು ಸಾರಿಸಿ, ಸುತ್ತ ಸುಣ್ಣದ ಗೆರೆ ಎಳೆದಿತ್ತು. ಮಗಳು ಶೋಭಾ, "ಅವ್ವ ಅಂಗ್ಡೀಲಿ ಸೆರಗಲ್ಲಿ ಅಳತೆ ತಕ್ಕಂಡು ಬಂದಿದ್ಲು. ಇಷ್ಟು ಜಾಗ ಯಾರೂ ಮುಟ್ಬ್ಯಾಡಿ ಅಂದಿದ್ಲು" ಎಂದಳು. ಅಂಗಡಿಯಲ್ಲಿ ಆಕೆ ಫ್ರಿಜ್ಜಿಗೆ ಒರಗಿ ನಿಂತದ್ದನ್ನು ನಾನು ಕಂಡಿದ್ದೆ, ಸುಸ್ತಾಗಿರಬೇಕು ಅಂದುಕೊಂಡಿದ್ದೆ. ಫ್ರಿಜ್ ಗೆರೆಯೊಳಗೆ ಸರಿಯಾಗಿ ಕೂತಿತು.

ನಮ್ಮ ಮೆಕ್ಯಾನಿಕ್ ಪ್ಲಗ್ ಹಾಕಿದ. ಚಿಕ್ಕಣ್ಣ ಬಾಗಿಲು ತೆಗೆದರು. ಒಳಗಿನ ದೀಪ ಹತ್ತಿ, ಬರಿದಾದ ಬಿಳಿಯ ಅರೆಗಳು ಕಂಡವು.

"ಒಳಗೆ ಏನೂ ಇಕ್ದೆ ಇದ್ರೂ ಓಡ್ತದಾ ಮೇಡಮ್ಮಾರೆ?" ಎಂದು ಕೇಳಿದರು.

"ಓಡ್ತದೆ" ಎಂದೆ.

ಅದಾದ ಮೇಲೂ ಆ ಕೌಂಟರಿನಲ್ಲಿ ಇನ್ನೊಂದು ಆಷಾಢ ಕಳೆದೆ. ಗೌರಮ್ಮನ ನಂಬಿಕೆಯ ಬಗ್ಗೆ ನಾನು ಎಂದೂ ಹಗುರವಾಗಿ ಮಾತಾಡಿಲ್ಲ. ತನ್ನ ಬಾಯಿಗಿಂತ ಮಗಳ ಬಾಳು ದೊಡ್ಡದು ಎಂದುಕೊಂಡ ತಾಯಿಗೆ ಯಾರು ಏನು ಹೇಳಲಾದೀತು? ಆದರೆ ಆಷಾಢದ ಕೋಡಿಗೆ ಕಾಯುತ್ತ ಹಿಂದಿನ ತಿಂಗಳೇ ಬೆಲೆ ವಿಚಾರಿಸಲು ಬರುವ ಗಿರಾಕಿಗಳನ್ನು ಒಂದು ಪ್ರಶ್ನೆ ಕೇಳುವುದನ್ನು ಮಾತ್ರ ರೂಢಿ ಮಾಡಿಕೊಂಡೆ: ಇದು ಮನೆಯಲ್ಲಿ ಯಾರಿಗೆ ಬೇಕು, ಅವರು ಕಾಯಬಲ್ಲರೇ? ಕಾಯಬಲ್ಲರಾದರೆ ಕೋಡ್ ಬಳಸಿ, ಉಳಿಸಿ, ಶ್ರಾವಣಕ್ಕೆ ಒಯ್ಯಿರಿ. ಕಾಯಲಾರರಾದರೆ ಈಗಲೇ, ಜ್ಯೇಷ್ಠದಲ್ಲೇ, ಪೂರ್ತಿ ಬೆಲೆ ಕೊಟ್ಟು ಒಯ್ಯಿರಿ. "ನಿಮ್ಮ ವ್ಯಾಪಾರಕ್ಕೆ ಹೇಳ್ತೀರಿ ಬುಡಿ" ಎಂದು ಕೆಲವರು ನಕ್ಕರು. ನಾನು ಬೇಸರಪಟ್ಟುಕೊಳ್ಳಲಿಲ್ಲ. ಕೂಪನ್ನಿನಲ್ಲಿ ಅದರ ಕೊನೆಯ ದಿನವೊಂದು ಅಚ್ಚಾಗಿರುತ್ತದೆ, ಜನ ಅದನ್ನೇ ನೋಡಿ ಅವಸರ ಮಾಡುತ್ತಾರೆ. ಅವಸರ ಇರಬೇಕಾದದ್ದು ಬೇರೆಲ್ಲೋ ಎಂದು ನನಗೆ ಕಲಿಸಿದ ಕೆಲಸ ಅದು.