ತಖಿಯ್ಯಾಳ ದನಿ

ಶೆಫೀಲ್ಡಿನ ನಮ್ಮ ಶಿಶುಶಾಲೆಯಲ್ಲಿ ತಖಿಯ್ಯಾಗೆ ಇಪ್ಪತ್ತೆರಡು ವರ್ಷದ ಸರ್ವಿಸು. ಯೆಮನ್ನಿನ ಮನೆಗಳ ಮಕ್ಕಳ ಮೂಗು ಒರೆಸಿ, ಶೂ ತೊಡಿಸಿ, ಅರಬ್ಬಿಯಲ್ಲಿ ರಮಿಸಿ, "ಇಂಗ್ಲಿಷಿನಲ್ಲಿ ಹೇಳು" ಅನ್ನುತ್ತಾ ಮೆಲ್ಲಗೆ ಇಂಗ್ಲಿಷಿಗೆ ದಾಟಿಸುವುದು ಅವಳ ಕೆಲಸ. ಮಕ್ಕಳಿಗೂ ತಾಯಂದಿರಿಗೂ ಅವಳು ಖಾಲಾ, ಅಂದ್ರೆ ಚಿಕ್ಕಮ್ಮ. ನಾನು ಅವಳ ಜೊತೆಯ ಆಯಾ, ವಾರಗೆಯವಳು. ನನ್ನ ಬಾಯಿ ಜೋರು ಅಂತಾರೆ. ಅನ್ನಲಿ, ಕಂಡದ್ದನ್ನು ಹೇಳ್ತೀನಿ.

ಮೊದಮೊದಲು ಮಕ್ಕಳು ಗಪ್‌ಚಿಪ್ಪು. ಆಮೇಲೆ ಕೇಳಿದ ವಾಕ್ಯವನ್ನು ಹಾಗೇ ಒಪ್ಪಿಸುತ್ತವೆ. ಆಮೇಲೆ ಅದನ್ನು ಮುರಿದು ತಾವೇ ಜೋಡಿಸುತ್ತವೆ, "ನಿನ್ನೆ ನಾನು ಹೋಗು" ಅನ್ನೋ ಹಾಗೆ. "ಹಿಂದಿನ ವರ್ಷದ ಮಕ್ಕಳ ಮುಖ ಇವು ನೋಡಿರಲ್ಲ ಕಣೇ, ಆದ್ರೂ ಅದೇ ತಪ್ಪು, ಅದೇ ಸರದಿ! ಯಾರು ಕೂತು ಹೇಳಿಕೊಡ್ತಾರೋ!" ಅನ್ನುವಾಗ ತಖಿಯ್ಯಾಳ ತೋಳಿನ ರೋಮ ಎದ್ದು ನಿಲ್ಲುತ್ತಿತ್ತು.

ನಾಲ್ಕು ವರ್ಷದ ಅರ್ವಾ ಮಾತ್ರ ಎಂಟು ತಿಂಗಳಾದರೂ ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಅರಬ್ಬಿ ಅರಳು ಹುರಿದ ಹಾಗೆ. ಇಲ್ಲಿ ಗೋಡೆ ನೋಡುತ್ತಾ ಕೂರುವಳು. "ಯಾವುದೋ ಜಿನ್ ನಾಲಿಗೆ ಕಟ್ಟಿದೆ ಖಾಲಾ," ಅಂತ ಅವಳಮ್ಮ ಇಲ್ಹಾಮ್ ಗೋಳಾಡುತ್ತಿದ್ದಳು. ಶಾಲೆಯವರು ಅವಳನ್ನು ಬುದ್ಧಿ ಬೆಳೆಯದ ಮಕ್ಕಳ ಶಾಲೆಗೆ ಸಾಗಹಾಕಲು ಹೊರಟಿದ್ದರು. ಶುಕ್ರವಾರ, ಮಗುವನ್ನು ನೋಡಿಕೊಳ್ಳುವವಳು ಅಂತ ತಖಿಯ್ಯಾ ಆ ಕಾಗದಕ್ಕೆ ಸಹಿ ಹಾಕಿದರೆ ಮುಗೀತು.

ಗುರುವಾರ ಮಧ್ಯಾಹ್ನ ಮಕ್ಕಳೆಲ್ಲ ಅಂಗಳದಲ್ಲಿವೆ ಅಂದುಕೊಂಡು ನಾವಿಬ್ಬರೂ ಬಣ್ಣದ ಬಟ್ಟಲು ತೊಳೆಯುತ್ತಿದ್ದೆವು. ರಟ್ಟಿನ ಆಟದ ಮನೆಯೊಳಗಿಂದ ತಖಿಯ್ಯಾಳ ದನಿ ಬಂತು. ಇಂಗ್ಲಿಷು. ಅದೇ ನಿಟ್ಟುಸಿರು, ಅದೇ ಲೊಚಗುಟ್ಟುವಿಕೆ. ತಿರುಗಿ ನೋಡಿದರೆ ತಖಿಯ್ಯಾ ನನ್ನ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ!

"ಇವಳು ಕಲಿಯಲ್ಲ. ತಲೇಲಿ ಏನೂ ಇಲ್ಲ. ಕಳಿಸಿಬಿಡೋಣ, ಪೀಡೆ ತೊಲಗಲಿ."

ಬಗ್ಗಿ ನೋಡಿದೆವು. ಅರ್ವಾ! ಗೊಂಬೆಯನ್ನು ಗೋಡೆ ಕಡೆ ತಿರುಗಿಸಿ ಕೂರಿಸಿ ಅದಕ್ಕೆ ಹೇಳುತ್ತಿದ್ದಳು.

ಆ ಮಾತು ತಖಿಯ್ಯಾ ನನಗೇ ಹೇಳಿದ್ದು, ಚಹಾ ಕುಡಿಯುತ್ತಾ, ಆ ಮಗುವಿನ ಎದುರಿಗೇ. ಮಕ್ಕಳಿಗೆ ತಿಳಿಯಬಾರದ್ದನ್ನು ಇಂಗ್ಲಿಷಿನಲ್ಲಿ ಆಡೋದು ನಮ್ಮ ಮನೆಮನೆಯ ಚಾಳಿ. ನಾನೂ ಹೂಂಗುಟ್ಟಿದ್ದೆ. ಥೂ ನನ್ನ ಜನ್ಮಕ್ಕೆ!

ಅರ್ವಾ ಗೊಂಬೆಯ ಕಿವಿಗೆ ಬಾಗಿದಳು. ಈಗ ದನಿ ಅವಳದೇ, ಪುಟ್ಟದು. ಇಂಗ್ಲಿಷೂ ಅವಳೇ ಜೋಡಿಸಿದ್ದು. "ಅಳು ಬೇಡ. ನಾನು ಮಾತು ಇಲ್ಲ ಅವಳ ಜೊತೆ. ಯಾವತ್ತೂ ಇಲ್ಲ."

ತಖಿಯ್ಯಾ ಒದ್ದೆ ಕೈಯಲ್ಲೇ ಮಂಡಿಯೂರಿದಳು. "ತಪ್ಪಾಯ್ತು ನನ್ನ ಕಂದ, ಕ್ಷಮಿಸ್ಬಿಡಮ್ಮ. ನಿನ್ನ ಎಲ್ಲಿಗೂ ಕಳಿಸಲ್ಲ," ಅಂದಳು ಅರಬ್ಬಿಯಲ್ಲಿ, ಬಿಕ್ಕುತ್ತಾ.

ಅರ್ವಾ ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡಿದಳು. ಆಮೇಲೆ ತಖಿಯ್ಯಾಳ ದನಿಯಲ್ಲೇ ಹೇಳಿದಳು, "ಇಂಗ್ಲಿಷಿನಲ್ಲಿ ಹೇಳು."