ಹಲ್ಲಿನ ಡಾಕ್ಟರ ಅಂತರಿಕ್ಷಯಾನ

ನಮ್ಮ ಹಲ್ಲಿನ ಡಾಕ್ಟರು ಚಿಕ್ಕಂದಿನಿಂದ ಜೀವ ಇಟ್ಟುಕೊಂಡಿರುವ ಅಂತರಿಕ್ಷದ ಕಾಮಿಕ್ಸು ಸಿನಿಮಾ ಆಗುತ್ತಿದೆಯಂತೆ. ಸುದ್ದಿ ಬಂದಂದಿನಿಂದ ಅವರ ಕುರ್ಚಿಯಲ್ಲಿ ಬಾಯಿ ತೆರೆದವರ ಪಾಡು ದೇವರಿಗೇ ಪ್ರೀತಿ. "ನೌಕೆಗೆ ನೀಲಿ ಬಳಿದಿದ್ದಾರಲ್ರೀ, ಅದು ಹಸಿರು! ನೀವೇ ಹೇಳಿ!" ಎಂದು ಡ್ರಿಲ್ ಎತ್ತುತ್ತಾರೆ, ನಾವು "ಆಂ" ಎಂದರೆ ಅದೇ ಒಪ್ಪಿಗೆ. ಟ್ರೇಲರ್ ನೋಡಿ ನೋಡಿ ಖಳನ ಬೂಟಿನಲ್ಲೂ ತಪ್ಪು ಹುಡುಕಿದ್ದಾರೆ. ಆದರೂ ಬಿಡುಗಡೆಯ ದಿನ ಕ್ಲಿನಿಕ್ಕಿಗೆ ರಜೆ ಎಂಬ ಬೋರ್ಡು ಈಗಲೇ ಬಾಗಿಲಲ್ಲಿ ನೇತಾಡುತ್ತಿದೆ. ಮೊನ್ನೆ ಬಾಯಿ ಮುಕ್ಕಳಿಸುವ ಬಿಡುವಿನಲ್ಲಿ, "ಒಂದು ಬಣ್ಣಕ್ಕೆ ಇಷ್ಟೊಂದು ಸಂಕಟಾನಾ ಡಾಕ್ಟ್ರೇ?" ಎಂದೆ. "ಬಣ್ಣ ಹಾಳಾಗ್ಲಿ ಬಿಡಿ. ನಂಗಿನ್ನೂ ಅಕ್ಷರ ಬರದಿದ್ದಾಗ ಅದನ್ನ ಓದಿ ಹೇಳ್ತಿದ್ದೋನು ನಮ್ಮಣ್ಣ. ಅವನು ತೀರಿಹೋದ್ಮೇಲೂ ಆ ನೌಕೆಯ ಕ್ಯಾಪ್ಟನ್ ನಂಗೆ ಅಣ್ಣನ ದನೀಲೇ ಮಾತಾಡ್ತಾನೆ. ಸಿನಿಮಾದಲ್ಲಿ ಬೇರೆ ಯಾರೋ ಮಾತಾಡ್ತಾರಲ್ಲ..." ಎಂದವರು, ಮೊದಲ ಬಾರಿಗೆ ನನ್ನ ಉತ್ತರಕ್ಕಾಗಿ ಕಾದರು. ಬಾಯಿ ಖಾಲಿಯಿದ್ದರೂ ನಾನು "ಆಂ" ಎಂದೆ.