ವೈನು, ತಮ್ಮ ಮತ್ತು ನನ್ನ ಅನುಮಾನದ ಮೂಗು

ನಮ್ಮ ಮನೆಯಲ್ಲಿ ಹಾಲು ಒಲೆ ಏರುವ ಮುಂಚೆ ನನ್ನ ಮೂಗಿನ ಹತ್ತಿರ ಬಂದು ಹೋಗುತ್ತದೆ. ಹಾಲೊಂದೇ ಅಲ್ಲ, ಶೇಂಗಾ ಎಣ್ಣೆ, ತೊಗರಿಬೇಳೆ, ಬೆಣ್ಣೆ, ಎಲ್ಲವೂ. ದಾವಣಗೆರೆಯಲ್ಲಿ ನಾನು ಹೋಗುವ ಕಿರಾಣಿ ಅಂಗಡಿಯವರು, ನಾನು ಮೆಟ್ಟಿಲು ಹತ್ತುತ್ತಿದ್ದಂತೆ ಡಬ್ಬದ ಮುಚ್ಚಳ ತಾವೇ ತೆಗೆದು ಹಿಡಿಯುತ್ತಾರೆ. ಇದನ್ನು ನಾನು ಗೌರವ ಎಂದುಕೊಂಡಿದ್ದೇನೆ. ನಮ್ಮ ಯಜಮಾನರು ಬೇರೆ ಏನೋ ಅನ್ನುತ್ತಾರೆ.

ಈ ಮೂಗನ್ನು ನಂಬಿ ಒಂದು ಭಾನುವಾರ ಮಧ್ಯಾಹ್ನ ಕೊಕ್ಕನೂರಿನಿಂದ ನನ್ನ ತಮ್ಮ ಶಿವು ಬಾಟಲಿಗಳ ಚೀಲ ಹಿಡಿದು ಬಂದ. ಸುತ್ತ ಎಲ್ಲರೂ ಭತ್ತ ಬೆಳೆಯುವಾಗ, ಕಾಲುವೆ ನೀರು ಹತ್ತದ ದಿಬ್ಬದ ಹೊಲದಲ್ಲಿ ಇವನೊಬ್ಬ ವೈನಿಗೆಂದೇ ಎರಡು ಜಾತಿಯ ದ್ರಾಕ್ಷಿ ಹಾಕಿದ್ದ. ಹಣ್ಣು ಕೊಳ್ಳುವ ವೈನರಿಯವರು ಈ ಸಲ ಅವನ ತೋಟದ ಹಣ್ಣಿನಿಂದಷ್ಟೇ ವೈನು ಮಾಡಿದ್ದರು. ಬಾಟಲಿಯ ಮೇಲೆ ಕೊಕ್ಕನೂರಿನ ಹೆಸರು ಹಾಕೋಣವೇ ಎಂದು ಅವನನ್ನು ಕೇಳಿದ್ದರು. ವೈನು ಕೆಟ್ಟದಾಗಿದ್ದರೆ ಊರಿಗೇ ಕೆಟ್ಟ ಹೆಸರು. ಚೆನ್ನಾಗಿದ್ದರೂ ಕೆಟ್ಟ ಹೆಸರೇ ಎಂಬುದು ನಮ್ಮ ದೊಡ್ಡಪ್ಪನ ಅಭಿಪ್ರಾಯ.

"ಅವ್ರು ಭಾಳ ಚಲೋ ಐತೆ ಅಂತಾರಕ್ಕಾ. ಮಾರೋರು ಮತ್ತೇನಂತಾರೆ? ನೀನು ಹೇಳು."

"ನಾನು ಯಾವತ್ತು ಕುಡ್ದೀನೋ?"

"ಕುಡಿಯೋದು ಬ್ಯಾಡ. ಬಾಯಾಗ ಆಡ್ಸಿ ಉಗುಳಬೇಕಂತೆ."

ಅನುಮಾನ ಅಲ್ಲಿಂದಲೇ ಶುರುವಾಯಿತು. ಉಗುಳುವುದಕ್ಕೆಂದು ಯಾರಾದರೂ ಇಷ್ಟು ಬೆವರು ಸುರಿಸುತ್ತಾರೆಯೇ? ಅಷ್ಟರಲ್ಲಿ ಯಜಮಾನರು ಎದ್ದು ಕಿಟಕಿಯ ಪರದೆ ಎಳೆದರು. ಇಂಥ ಬಾಟಲಿ ಎಂದೂ ಹೊಸ್ತಿಲು ದಾಟಿ ಬಾರದ ಮನೆ ನಮ್ಮದು. ಹಗಲು ಹೊತ್ತಿನಲ್ಲಿ ಎಳೆದ ಪರದೆ ನೋಡಿದರೆ ಎದುರುಮನೆಯವರಿಗೆ ಇನ್ನೂ ಜಾಸ್ತಿ ಅನುಮಾನ ಎಂದು ನಾನು ಅದನ್ನು ಮತ್ತೆ ಸರಿಸಿದೆ.

ಚೀಲದಲ್ಲಿ ಮೂರು ಪುಟ್ಟ ಬಾಟಲಿಗಳಿದ್ದವು. ಮೊದಲನೆಯದು ಮರ್ಲೊ ಎಂಬ ದ್ರಾಕ್ಷಿಯದು. ಮೆತ್ತಗಿತ್ತು, ಎಲ್ಲದಕ್ಕೂ ಹೂಂ ಅನ್ನುವ ನೆಂಟರ ಹಾಗೆ. ಎರಡನೆಯದು ಕ್ಯಾಬರ್ನೆ. ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ವಾಸನೆ, ಮಾಗದ ನೇರಳೆ ತಿಂದಂತೆ ನಾಲಿಗೆ ಹಿಡಿದೆಳೆಯುವ ಒಗರು. ಎರಡನ್ನೂ ಸಿಂಕಿಗೆ ಉಗುಳಿ ಬಾಯಿ ಮುಕ್ಕಳಿಸಿದೆ.

"ಮೂರನೇದು ಎರಡೂ ಬೆರ್ಸಿದ್ದು," ಎಂದ ಶಿವು. "ಫ್ರಾನ್ಸಿನಾಗ ಬೋರ್ಡೊ ಅಂತ ಊರೈತಂತೆ. ಅಲ್ಲಿ ಹಿಂಗೇ ಬೆರಸ್ತಾರಂತೆ."

"ಬೆರ್ಸಿದ್ದನ್ನ ಬಾಯಿಬಿಟ್ಟು ಹೇಳಿ ಮಾರ್ತಾರಾ?"

ಬೆರಕೆ ಎಂದರೆ ನನ್ನ ಲೆಕ್ಕದಲ್ಲಿ ಒಂದೇ ಅರ್ಥ: ಯಾರೋ ಯಾರಿಗೋ ಟೋಪಿ ಹಾಕುತ್ತಿದ್ದಾರೆ. ಆದರೆ ನಮ್ಮೂರ ಬೆಣ್ಣೆದೋಸೆಯ ಹಿಟ್ಟಿಗೂ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಬೀಳುತ್ತದಲ್ಲ? ಅದನ್ನು ಕಲಬೆರಕೆ ಎಂದು ಇವತ್ತಿನವರೆಗೆ ಯಾರೂ ದೂರಿದ್ದು ಕೇಳಿಲ್ಲ. ಮುಚ್ಚಿಟ್ಟು ಬೆರೆಸಿದರೆ ಮೋಸ, ಹೇಳಿ ಬೆರೆಸಿದರೆ ಹದ ಇರಬಹುದೇನೋ. ಹೀಗೆ ಬುದ್ಧಿ ಒಪ್ಪಿದರೂ ಮೂಗು ಒಪ್ಪದೆ ಲೋಟದ ಸುತ್ತ ಸುಳಿದಾಡಿತು.

ಮೆಣಸಿನಕಾಯಿ ಹಿಂದೆ ಸರಿದಿತ್ತು. ಮಾಗಿದ ನೇರಳೆ ಮುಂದೆ ಬಂದು, ಅದರ ಬೆನ್ನಿಗೆ ಲವಂಗದ ಡಬ್ಬಿ ತೆರೆದಂತಾಯಿತು. ಬಾಯಲ್ಲಿ ಆಡಿಸಿದೆ. ಒಂದರ ಗಡಸುತನಕ್ಕೆ ಇನ್ನೊಂದರ ಮೆದುತನ ಜೊತೆಯಾಗಿತ್ತು. ಉಗುಳಲು ಸಿಂಕಿನ ಕಡೆ ಹೊರಟೆ. ತಲುಪುವಷ್ಟರಲ್ಲಿ ಉಗುಳಲು ಏನೂ ಉಳಿದಿರಲಿಲ್ಲ.

"ಚಲೋ ಐತೆ," ಎಂದೆ.

ಶಿವುವಿನ ಮುಖ ಬಾಡಿತು. "ಅಷ್ಟೇನಾ? ನನ್ ಮನ್ಸು ನೋಯಬಾರ್ದು ಅಂತ ಹೇಳ್ತಿದೀಯಲ್ಲಕ್ಕಾ? ನನ್ ಮದ್ವಿ ಊಟದಾಗೂ ತಪ್ಪು ಹುಡುಕ್ದಾಕಿ ನೀನು."

ಅವನ ಅನುಮಾನ ಸುಳ್ಳಲ್ಲ. ನುಂಗಿದ ಮೇಲೆ ಗಂಟಲ ಹತ್ತಿರ ಸಣ್ಣದೊಂದು ಒಗರು ಕೂತಿತ್ತು. ಪಾಪ, ಆಸೆಯಿಂದ ಬಂದಿದ್ದಾನೆ ಎಂದು, ಎಂದೂ ಇಲ್ಲದವಳು ಅದನ್ನು ಹೇಳದೆ ಬಿಟ್ಟಿದ್ದೆ. ಆ ಬಿಟ್ಟ ಮಾತಿನ ವಾಸನೆ ಅವನಿಗೆ ಹತ್ತಿಬಿಟ್ಟಿತ್ತು. ಅಕ್ಕನ ಮೂಗು ತಮ್ಮನಿಗೂ ಬಂದಿದೆ!

"ಕೊನೀಗೆ ಒಂಚೂರು ಒಗರು ಉಳೀತೈತೆ ಕಣೋ. ಇನ್ನೊಂದು ವರ್ಷ ಹಂಗೇ ಇಟ್ರೆ ಹೋಗುತ್ತೆ ಅನ್ಸುತ್ತೆ."

"ಹಂಗ್ ಹೇಳು ಮತ್ತೆ!" ಎಂದು ಅರಳಿದ ಶಿವು, ಅಲ್ಲೇ ಕೂತು ವೈನರಿಗೆ ಫೋನು ಹಚ್ಚಿದ. "ಊರ ಹೆಸ್ರು ಹಾಕ್ರಿ. ಆದ್ರ ಒಂದು ವರ್ಷ ತಡೀರಿ, ನಮ್ಮಕ್ಕ ಹೇಳ್ಯಾಳೆ."

ಅವನು ಹೋದ ಮೇಲೆ ಚಹಾ ಮಾಡಿದೆ. ಒಂದು ಗುಟುಕು ಕುಡಿದ ಯಜಮಾನರು ಎಂದಿನಂತೆ "ಚಲೋ ಆಗೈತೆ" ಎಂದರು. ನಾನು ಕಪ್ಪು ಕೆಳಗಿಟ್ಟೆ.

"ಏನು ಕಮ್ಮಿ ಆಗೈತೆ, ನಿಜ ಹೇಳ್ರಿ."

ಅವರು ಇನ್ನೊಂದು ಗುಟುಕು ಕುಡಿದು ನೋಡಿದರು. "ಏಲಕ್ಕಿ."

"ಇಷ್ಟು ವರ್ಷ ಯಾಕ ಹೇಳ್ಲಿಲ್ರಿ?"

"ನಾ ಚಲೋ ಐತೆ ಅಂದದ್ದನ್ನ ನೀನು ನಂಬಿದ್ಯಲ್ಲ, ಅದಕ್ಕೆ."

ಮರುದಿನ ಏಲಕ್ಕಿ ಕುಟ್ಟಿ ಹಾಕಿದೆ. ಅವರು ಚಲೋ ಐತೆ ಎನ್ನಲಿಲ್ಲ. ಇನ್ನರ್ಧ ಕಪ್ಪು ಕೇಳಿದರು.